ಮಸ್ಟಾಂಗಿನ ಹಿಂದಿನ ಗಾಜಿಗೆ ನಾನೇ ಮಾಡಿದ ಲೂವರ್

ಲೂವರ್ ಅಂದರೆ ಕಾರಿನ ಹಿಂದಿನ ಗಾಜಿನ ಮೇಲೆ ಸಂದಿ ಬಿಟ್ಟು ಕೂರಿಸುವ ಅಡ್ಡಪಟ್ಟಿಗಳ ಸಾಲು. ಅದನ್ನು ಕೊಳ್ಳುವವರು ಸಾಮಾನ್ಯವಾಗಿ ಕಾರಿನ ಹಿಂದೆ ನಿಂತು ಅಂದ ನೋಡುತ್ತಾರೆ. ನಾನು ಡ್ರೈವರ್ ಸೀಟಿನಲ್ಲಿ ಕೂತು, ಒಳಗಿನ ಕನ್ನಡಿಯಲ್ಲಿ ಏನು ಕಾಣಬೇಕು ಅನ್ನುವುದರಿಂದ ಶುರು ಮಾಡಿದೆ. ಪಟ್ಟಿಗಳ ಅಗಲ, ಓರೆ, ಕೊನೆಗೆ ಬಣ್ಣ ಕೂಡ ಆ ಕನ್ನಡಿಯಿಂದಲೇ ತೀರ್ಮಾನವಾಯಿತು.

ನನ್ನದು 2017ರ ಫೋರ್ಡ್ ಮಸ್ಟಾಂಗ್ ಜಿಟಿ ಫಾಸ್ಟ್‌ಬ್ಯಾಕ್. ಇರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಈ ಕಾರು ತಯಾರಾಗುವ ಫ್ಲಾಟ್ ರಾಕ್ ಕಾರ್ಖಾನೆಯೂ ಇದೇ ಸೀಮೆಯಲ್ಲಿದೆ. ಫಾಸ್ಟ್‌ಬ್ಯಾಕ್ ಅಂದರೆ ಹಿಂದಿನ ಗಾಜು ಹೆಚ್ಚುಕಡಿಮೆ ಮಲಗಿರುತ್ತದೆ. ಬೇಸಿಗೆಯಲ್ಲಿ ಹಿಂದಿನ ಸೀಟು ಕಾದ ಕಾವಲಿ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಹುದಿತ್ತು. ಆದರೆ ಫಿಲ್ಮ್ ರಾತ್ರಿಯೂ ಕಪ್ಪಾಗಿಯೇ ಇರುತ್ತದೆ. ಲೂವರ್ ಹಾಗಲ್ಲ, ಮೇಲಿನ ಬಿಸಿಲನ್ನು ತಡೆದು ನೇರ ನೋಟವನ್ನು ಬಿಡುತ್ತದೆ. ಸರಿಯಾಗಿ ಮಾಡಿದರೆ ಮಾತ್ರ.

ಈ ಪಟ್ಟಿಗಳಿಗೆ ಒಳ್ಳೆಯ ವಂಶವೇ ಇದೆ. 1966ರ ಲ್ಯಾಂಬೋರ್ಗಿನಿ ಮಿಯುರಾದಲ್ಲಿ ಎಂಜಿನ್ ಸೀಟಿನ ಹಿಂದೆಯೇ ಇತ್ತು. ಇಟಲಿಯ ಕಾರು ವಿನ್ಯಾಸ ಸಂಸ್ಥೆ ಬರ್ಟೋನೆಯಲ್ಲಿದ್ದ ಮಾರ್ಚೆಲ್ಲೊ ಗಂಡಿನಿ ಅದರ ಮೇಲೆ ಕಪ್ಪು ಪಟ್ಟಿಗಳನ್ನು ಹಾಕಿದರು. ಎಂಜಿನ್ನಿನ ಬಿಸಿ ಹೊರಗೆ ಹೋಗಬೇಕು, ಡ್ರೈವರಿಗೆ ಹಿಂದಿನ ರಸ್ತೆಯೂ ಕಾಣಬೇಕು, ಎರಡೂ ಒಂದೇ ಏಟಿಗೆ ಆಯಿತು. ಮಸ್ಟಾಂಗಿಗೆ ಇದನ್ನು ತಂದವರು ಫೋರ್ಡ್‌ನಲ್ಲಿದ್ದ ವಿನ್ಯಾಸಕಾರ ಲ್ಯಾರಿ ಶಿನೋಡಾ, 1969ರ ಬಾಸ್ 302 ಕಾರಿನಲ್ಲಿ. ಆಮೇಲೆ ಎಂಬತ್ತರ ದಶಕದಲ್ಲಿ ಸಿಕ್ಕ ಸಿಕ್ಕ ಕಾರಿಗೆಲ್ಲ ಲೂವರ್ ಬಂತು. ಅದರಲ್ಲಿ ಎಷ್ಟೋ ಸುಮ್ನೆ ಅಲಂಕಾರ.

ಅಲಂಕಾರ ಅಂತ ಯಾಕೆ ಹೇಳಿದೆ ಅಂದರೆ, ಸ್ವಲ್ಪ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನನ್ನ ಕಾರಿನ ಹಿಂದಿನ ಗಾಜಿನ ಇಳಿಜಾರು ಸುಮಾರು 25 ಡಿಗ್ರಿ. ಫೋನಿನಲ್ಲಿರುವ ಮಟ್ಟ ನೋಡುವ ಆ್ಯಪ್‌ನಿಂದ ಅಳೆದದ್ದು, ಮೇಲೆ ಕೆಳಗೆ ಚೂರು ಬದಲಾಗುತ್ತದೆ. ಗಾಜಿನ ಮೇಲೆ 60 ಮಿ.ಮೀ.ಗೊಂದು ಪಟ್ಟಿ ಇಟ್ಟರೆ, ಎರಡು ಪಟ್ಟಿಗಳ ನಡುವೆ ಎತ್ತರದಲ್ಲಿ ಸಿಗುವ ಅಂತರ 25 ಮಿ.ಮೀ. ಮಾತ್ರ. ಅಡ್ಡಕ್ಕೆ ಮಾತ್ರ 54 ಮಿ.ಮೀ. ದೂರ. ಈಗ ಪಟ್ಟಿಯ ಅಗಲ 60 ಮಿ.ಮೀ. ಅಂದುಕೊಳ್ಳಿ. ಮೇಲಿನ ಪಟ್ಟಿ ಕೆಳಗಿನದರ ಬುಡವನ್ನು ದಾಟಿ ಚಾಚುವುದು ಬರೀ 6 ಮಿ.ಮೀ. ಹಿಂದಿನಿಂದ ಬರುವ ಬಿಸಿಲನ್ನು ಇದು ಪೂರ್ತಿ ತಡೆಯಬೇಕಾದರೆ ಸೂರ್ಯ 77 ಡಿಗ್ರಿಗಿಂತ ಮೇಲಿರಬೇಕು. ಡೆಟ್ರಾಯಿಟ್‌ನಲ್ಲಿ ಜೂನ್ ತಿಂಗಳ ನಡುಮಧ್ಯಾಹ್ನವೂ ಸೂರ್ಯ 71 ಡಿಗ್ರಿ ದಾಟುವುದಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ, ಇಲ್ಲಿ ಆ ಯೋಗ ಇಲ್ಲ. ಹಾಗಾದರೆ ಅಂಥ ಲೂವರ್ ಯಾವ ಕೆಲಸಕ್ಕೆ?

ಪಟ್ಟಿಯ ಅಗಲವನ್ನು 100 ಮಿ.ಮೀ. ಮಾಡಿದೆ. ಆಗ ಒಂದರ ಮೇಲೊಂದು 46 ಮಿ.ಮೀ. ಚಾಚುತ್ತದೆ, ಊರಿನ ಮನೆಯ ಮಂಗಳೂರು ಹಂಚಿನ ಹಾಗೆ. ಲೆಕ್ಕ 29 ಡಿಗ್ರಿಗೆ ಇಳಿಯಿತು. ಅದಕ್ಕಿಂತ ಮೇಲಿರುವ ಸೂರ್ಯನ ನೇರ ಬಿಸಿಲು ಹಿಂದಿನಿಂದ ಗಾಜಿಗೆ ಬೀಳುವುದಿಲ್ಲ. ಮುಂದಿನಿಂದ ಬರುವ ಬಿಸಿಲಿನ ಚಿಂತೆ ಬೇಡ. 25 ಡಿಗ್ರಿಗಿಂತ ಕೆಳಗಿದ್ದರೆ ಗಾಜಿಗೆ ತಾಗುವುದೇ ಇಲ್ಲ, ಮೇಲಿದ್ದರೆ ಪಟ್ಟಿಯೇ ತಡೆಯುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ 24 ಡಿಗ್ರಿಯಲ್ಲೇ ಇರುತ್ತಾನೆ, ಬಿಸಿಲು ಒಳಗೆ ಬರುತ್ತದೆ. ಆ ಚಳಿಯಲ್ಲಿ ಬಂದರೆ ಬರಲಿ ಬಿಡಿ.

ಇನ್ನು ನೋಟದ ವಿಷಯ. 25 ಮಿ.ಮೀ. ಸಂದಿಯಲ್ಲಿ 3 ಮಿ.ಮೀ. ಪಟ್ಟಿಯ ದಪ್ಪಕ್ಕೆ ಹೋಗುತ್ತದೆ, ಉಳಿದದ್ದು 22. ಪಟ್ಟಿ ನಿಮ್ಮ ನೋಟದ ಗೆರೆಗೆ ಸರಿಯಾಗಿ ಇದ್ದರೆ ಅಷ್ಟೂ ಸಿಗುತ್ತದೆ. ಬರೀ 5 ಡಿಗ್ರಿ ಓರೆಯಾದರೂ 100 ಮಿ.ಮೀ. ಅಗಲದ ಪಟ್ಟಿ ಇನ್ನೂ 9 ಮಿ.ಮೀ. ನುಂಗುತ್ತದೆ. ಅಂದರೆ ನೋಟದ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಹೋಯಿತು. ಪಟ್ಟಿ ಅಗಲವಾದಷ್ಟೂ ನೆರಳು ಚೆನ್ನಾಗಿ ಸಿಗುತ್ತದೆ, ಆದರೆ ಓರೆಯಲ್ಲಿ ತಪ್ಪಿದರೆ ಶಿಕ್ಷೆಯೂ ಅಷ್ಟೇ ದೊಡ್ಡದು.

ಹಾಗಂತ ಎಲ್ಲ ಪಟ್ಟಿಗಳನ್ನೂ ನೆಲಕ್ಕೆ ಸಮವಾಗಿ ಇಟ್ಟರೆ ಆಗುವುದಿಲ್ಲ. ಕನ್ನಡಿ ಇರುವುದು ಒಂದೇ ಕಡೆ, ಗಾಜು ಮೇಲಿಂದ ಕೆಳಗೆ ಹರಡಿಕೊಂಡಿದೆ. ಗಾಜಿನ ಮೇಲಂಚು ಹೆಚ್ಚುಕಡಿಮೆ ಕನ್ನಡಿಯ ಎತ್ತರಕ್ಕೇ ಬರುತ್ತದೆ. ಕೆಳಂಚು ಅದಕ್ಕಿಂತ ಸಾಕಷ್ಟು ಕೆಳಗೆ. ಹಾಗಾಗಿ ಮೇಲಿನ ಪಟ್ಟಿ ಮಟ್ಟವಾಗಿದ್ದು, ಕೆಳಗೆ ಬಂದ ಹಾಗೆ ಒಂದೊಂದೂ ಹಿಂದಕ್ಕೆ ಇನ್ನಷ್ಟು ಬಾಗಬೇಕು. ಇದನ್ನು ಅಳೆಯಲು ದೊಡ್ಡ ಉಪಕರಣವೇನೂ ಬೇಡ. ಕನ್ನಡಿಯ ನಡುವಿಗೆ ನೂಲು ಅಂಟಿಸಿ, ಅದನ್ನು ಬಿಗಿಯಾಗಿ ಎಳೆದು, ಪ್ರತಿ ಪಟ್ಟಿ ಬರುವ ಜಾಗದಲ್ಲಿ ಗಾಜಿನ ಒಳಗಡೆ ಟೇಪಿನಿಂದ ಹಿಡಿಸಿದೆ. ನೂಲಿನ ಪಕ್ಕ ಫೋನ್ ಹಿಡಿದು ಕೋನ ಬರೆದುಕೊಂಡೆ. ಕೆಳಗಿನ ಪಟ್ಟಿಯ ಹೊತ್ತಿಗೆ ಓರೆ 7 ಡಿಗ್ರಿಗಿಂತ ಜಾಸ್ತಿ ಬಂತು. ಕನ್ನಡಿಯನ್ನು ನಿಮ್ಮ ಎತ್ತರಕ್ಕೆ ಹೊಂದಿಸಿಕೊಂಡು, ಸೀಟು ಎಂದಿನ ಜಾಗದಲ್ಲಿಟ್ಟೇ ಈ ಕೆಲಸ ಮಾಡಬೇಕು. ನನ್ನ ಹೆಂಡತಿ ನನಗಿಂತ ಕುಳ್ಳಗೆ. ಅವಳು ಕೂತು ನೋಡಿ, "ಅಡ್ಡಿ ಇಲ್ಲ ರೀ, ಹಿಂದಿನ ಕಾರಿನ ದೀಪ ಕಾಣ್ತಿದೆ" ಅಂದ ಮೇಲೆಯೇ ಕೋನಗಳನ್ನು ಅಂತಿಮ ಮಾಡಿದ್ದು. ರಟ್ಟಿನಲ್ಲಿ ಒಂದು ಪೂರ್ತಿ ಲೂವರ್ ಕತ್ತರಿಸಿ ಗಾಜಿನ ಮೇಲೆ ಕೂರಿಸಿದ್ದರಿಂದ ಇಬ್ಬರಿಗೂ ನೋಡಲು ಸಾಧ್ಯವಾಯಿತು.

ವಸ್ತು ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ, 3 ಮಿ.ಮೀ. ದಪ್ಪದ್ದು. 3ಡಿ ಪ್ರಿಂಟ್ ಮಾಡಬಹುದಲ್ವಾ ಅಂತ ತುಂಬ ಜನ ಕೇಳುತ್ತಾರೆ. ಮಾಡಬಹುದು, ಆದರೆ ಪ್ರಿಂಟರಿಗೆ ಮಾಮೂಲಿಯಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಬೇಡವೇ ಬೇಡ, ಅದು 60 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಡುಬಣ್ಣದ ಭಾಗಕ್ಕೆ ಅಷ್ಟು ಬಿಸಿ ಏರುವುದು ದೊಡ್ಡದಲ್ಲ. ಎಬಿಎಸ್ 100 ಡಿಗ್ರಿವರೆಗೂ ಗಟ್ಟಿಯಾಗಿರುತ್ತದೆ. ಬಣ್ಣ ಹೊಡೆಯದೆ ಬಿಟ್ಟರೆ ಬಿಸಿಲಿಗೆ ಪೆಡಸಾಗುತ್ತದೆ, ಹಾಗಾಗಿ ಇಲ್ಲಿ ಬಣ್ಣವೇ ಅದರ ಚರ್ಮ.

ಹಾಳೆಯನ್ನು ಸಿಎನ್‌ಸಿ ರೌಟರ್‌ನಲ್ಲಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಕತ್ತರಿಸಿಕೊಟ್ಟವರು ಹತ್ತಿರದ ಒಂದು ಸೈನ್‌ಬೋರ್ಡ್ ಅಂಗಡಿಯವರು. ಗಾಜು ಅಡ್ಡಕ್ಕೂ ಬಾಗಿರುವುದರಿಂದ ಪ್ರತಿ ಪಟ್ಟಿಯ ಬುಡದ ಅಂಚು ಒಂದೊಂದು ಕಮಾನು. ಪಟ್ಟಿಯನ್ನು ಬಗ್ಗಿಸುವ ತಾಪತ್ರಯ ಮಾತ್ರ ಇಲ್ಲ, ಚಪ್ಪಟೆ ಹಾಳೆಯಲ್ಲೇ ಆ ಕಮಾನನ್ನು ಕತ್ತರಿಸಿದರೆ ಸಾಕು. ಎರಡು ಬದಿಯ ಚೌಕಟ್ಟು, ನಡುವೆ ಎರಡು ಪಕ್ಕೆಲುಬು. ಅವುಗಳ ಸೀಳಿನೊಳಗೆ ಪಟ್ಟಿಯ ನಾಲಿಗೆಗಳು ಕೂರುತ್ತವೆ. ಆ ಸೀಳುಗಳ ಓರೆಯೇ ನೂಲಿನಿಂದ ಸಿಕ್ಕ ಕೋನ. ಗಾಜಿಗೂ ಪಟ್ಟಿಯ ಬುಡಕ್ಕೂ 12 ಮಿ.ಮೀ. ಜಾಗ ಬಿಟ್ಟೆ. ನೀರು, ಎಲೆ, ಮಣ್ಣು ಕೆಳಗೆ ಜಾರಿ ಹೋಗಲಿ ಅಂತ.

ಬಿಸಿಗೆ ಹಿಗ್ಗುವ ಲೆಕ್ಕವನ್ನು ಮರೆಯಬೇಡಿ. ಎಬಿಎಸ್ ಗಾಜಿಗಿಂತ ಎಂಟೊಂಬತ್ತು ಪಟ್ಟು ಜಾಸ್ತಿ ಹಿಗ್ಗುತ್ತದೆ. ಇಲ್ಲಿ ಚಳಿಗಾಲದಲ್ಲಿ ಮೈನಸ್ 20, ಬೇಸಿಗೆಯ ಬಿಸಿಲಲ್ಲಿ 60. ಒಂದು ಮೀಟರ್ ಚಿಲ್ಲರೆ ಅಗಲದ ಲೂವರಿಗೂ ಗಾಜಿಗೂ 6 ಮಿ.ಮೀ. ಹತ್ತಿರ ವ್ಯತ್ಯಾಸ ಬರುತ್ತದೆ. ನಾಲ್ಕೂ ಮೂಲೆಯನ್ನು ಬಿಗಿದರೆ ಲೂವರ್ ಉಬ್ಬಿಕೊಳ್ಳುತ್ತದೆ. ನಡುವಿನಲ್ಲಿ ಮಾತ್ರ ಗಟ್ಟಿ ಹಿಡಿತ, ಬದಿಗಳಲ್ಲಿ ಉದ್ದ ತೂತಿನ ಬ್ರಾಕೆಟ್. ಮೇಲೆ ಗಾಜಿನ ಕಪ್ಪು ಅಂಚಿನ ಮೇಲೆ ಎರಡೂ ಬದಿ ಬಲವಾಗಿ ಹಿಡಿಯುವ ತ್ರೀಎಂನ ವಿಎಚ್‌ಬಿ ಟೇಪಿನಿಂದ ಕೀಲು ಅಂಟಿಸಿದ್ದೇನೆ, ಕೆಳಗೆ ಡಿಕ್ಕಿ ಬಾಗಿಲಿನ ಸಂದಿಯೊಳಗೆ ಸ್ಟೀಲ್ ಕೊಕ್ಕೆ ಹಿಡಿಯುತ್ತದೆ. ಟೇಪ್ ಅಂಟಿಸುವ ಮುಂಚೆ ಗಾಜಿಗೆ ಸಿಲೇನ್ ಪ್ರೈಮರ್ ಸವರಬೇಕು, ಇಲ್ಲದಿದ್ದರೆ ತೇವ ಅಂಟಿನೊಳಗೆ ನುಸುಳುತ್ತದೆ. ಅಂಟಿಸಿದ ಮೇಲೆ ಪೂರ್ತಿ ಬಲ ಬರಲು 72 ಗಂಟೆ ಬೇಕು. ಬರೀ ಟೇಪನ್ನು ನಂಬಿ ಹೆದ್ದಾರಿಗೆ ಇಳಿಯುವುದು ನನಗೆ ಒಪ್ಪುವುದಿಲ್ಲ. ಐದು ಕಿಲೋ ಹತ್ತಿರದ ವಸ್ತು ಹಿಂದಿನ ಕಾರಿನ ಮೇಲೆ ಹಾರಿದರೆ ಗತಿ ಏನು?

ಈಗ ಬಣ್ಣ. ಇದನ್ನು ಕೊನೆಯ ಕೆಲಸ ಅಂದುಕೊಂಡರೆ ಕೆಟ್ಟಿತು. ಕತ್ತರಿಸುವ ಮುಂಚೆಯೇ ಬಣ್ಣದ ಯೋಚನೆ ಮಾಡಬೇಕು. ಚೂಪು ಅಂಚಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಹಿಂದಕ್ಕೆ ಸರಿದು ಅಲ್ಲಿ ತೆಳುವಾಗುತ್ತದೆ. ಆಮೇಲೆ ಉಜ್ಜುವಾಗ ಮೊದಲು ಪ್ಲಾಸ್ಟಿಕ್ ಕಾಣುವುದೂ ಅಲ್ಲೇ. ಅದಕ್ಕೇ ಹೊರಗಡೆಯ ಅಂಚುಗಳನ್ನೆಲ್ಲ ದುಂಡಗೆ ಮಾಡಿಸಿದೆ. ಇನ್ನೊಂದು, ಜೋಡಿಸಿದ ಮೇಲೆ 22 ಮಿ.ಮೀ. ಸಂದಿಯೊಳಗೆ ಸ್ಪ್ರೇ ಗನ್ ಕೆಲಸ ಮಾಡುವುದಿಲ್ಲ. ಗಾಳಿ ತಿರುಗಿ ಬಂದು ಬಣ್ಣ ಒಣ ಪುಡಿಯಾಗಿ ಕೂರುತ್ತದೆ. ಬಿಡಿಬಿಡಿಯಾಗಿ ಬಣ್ಣ ಹೊಡೆದು ಆಮೇಲೆ ಜೋಡಿಸಬೇಕು. ಎಬಿಎಸ್ ಅಂಟು ಬಣ್ಣದ ಮೇಲೆ ಹಿಡಿಯುವುದಿಲ್ಲವಾದ್ದರಿಂದ ನಾಲಿಗೆಗಳಿಗೂ ಸೀಳುಗಳಿಗೂ ಮೊದಲೇ ಟೇಪ್ ಸುತ್ತಿಟ್ಟೆ.

ತಯಾರಿಯಲ್ಲಿ ಹೇಳುವಂಥದ್ದು ಕಡಿಮೆ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, 400 ನಂಬರಿನ ಸ್ಯಾಂಡ್ ಪೇಪರಿನಿಂದ ಮಂಕಾಗುವಷ್ಟು ಉಜ್ಜಿದೆ. ಥಿನ್ನರ್ ಅಥವಾ ಅಸಿಟೋನ್‌ನಲ್ಲಿ ಮಾತ್ರ ಒರೆಸಬೇಡಿ. ಎಬಿಎಸ್ ಅದರಲ್ಲಿ ಕರಗುತ್ತದೆ, ಕತ್ತರಿಸಿದ ಅಂಚಿನಲ್ಲಿ ಕೂದಲೆಳೆ ಬಿರುಕು ಏಳುತ್ತದೆ. ಪ್ರೈಮರ್ ಆದ ಮೇಲೆ 600 ನಂಬರಿನವರೆಗೆ ಉಜ್ಜಿದೆ. ಮೆಟಾಲಿಕ್ ಬಣ್ಣದ ಕೆಳಗೆ ದಪ್ಪ ಗೀರು ಉಳಿದರೆ ಎದ್ದು ಕಾಣುತ್ತದೆ.

ನನ್ನ ಕಾರಿನ ಬಣ್ಣ ಮ್ಯಾಗ್ನೆಟಿಕ್, ಕೋಡ್ ಜೆ7. ಡ್ರೈವರ್ ಬಾಗಿಲಿನ ಸ್ಟಿಕರ್ ಮೇಲೆ ಇದೆ. ಈ ಕಡುಬೂದು ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿವೆ. ಅವು ಹೇಗೆ ಮಲಗುತ್ತವೋ ಬಣ್ಣ ಹಾಗೆ ಕಾಣುತ್ತದೆ. ಗನ್ ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಚೂರುಗಳು ಮುಳುಗಿ ಬಣ್ಣ ಕಡುವಾಗುತ್ತದೆ, ದೂರದಿಂದ ಒಣದಾಗಿ ಹೊಡೆದರೆ ತಿಳಿಯಾಗುತ್ತದೆ. ಒಂದೇ ಡಬ್ಬಿಯ ಬಣ್ಣ ಎರಡು ಬಣ್ಣವಾಗಿ ಕಾಣುವುದು ಹೀಗೆ. ಅದಕ್ಕೆ ಮೊದಲು ಕಾರ್ಡಿನ ಮೇಲೆ ಹೊಡೆದು, ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಕೂಡ ಹಾಕಿ, ಕಾರಿನ ಪಕ್ಕ ಹಿಡಿದು ಬಿಸಿಲಲ್ಲೂ ನೆರಳಲ್ಲೂ ನೋಡಿದೆ. ನೇರವಾಗಿ ಹೊಂದಿದ ಬಣ್ಣ ಓರೆಯಿಂದ ನೋಡಿದಾಗ ಕೈಕೊಡಬಹುದು. ಆಮೇಲೆ ಎಲ್ಲ ಪಟ್ಟಿಗಳನ್ನೂ ಕಾರಿನ ಮೇಲೆ ಹೇಗೆ ಕೂರುತ್ತವೋ ಹಾಗೇ ಅಡ್ಡಡ್ಡ ಮಲಗಿಸಿ, ಒಂದೇ ಸರದಿಯಲ್ಲಿ ಹೊಡೆದೆ. ಎರಡು ಮಾಮೂಲಿ ಕೋಟ್, ಕೊನೆಗೆ ಚೂರುಗಳು ಸಮವಾಗಲಿ ಅಂತ ಗನ್ ಸ್ವಲ್ಪ ದೂರ ಹಿಡಿದು ಒಂದು ಹಗುರ ಕೋಟ್. ನೇತುಹಾಕಿ ಹೊಡೆಯುವುದು ಸುಲಭ, ಆದರೆ ಬಣ್ಣ ಬೇರೆ ಬರುತ್ತದೆ.

ಪಟ್ಟಿಯ ಕೆಳಮೈಗೆ ಕಾರಿನ ಬಣ್ಣ ಹಾಕಲಿಲ್ಲ. ಅಲ್ಲಿ ಹೊಳಪಿಲ್ಲದ ಕಪ್ಪು. ಮತ್ತೆ ಕನ್ನಡಿಯ ಮಾತೇ ಬಂತು. ರಾತ್ರಿ ಹಿಂದಿನ ಕಾರಿನ ದೀಪದ ಬೆಳಕು ಪಟ್ಟಿಯ ಮೇಲ್ಮೈಗೆ ಸವರಿಕೊಂಡು ಬಂದು, ಅಲ್ಲಿಂದ ಚಿಮ್ಮಿ ಮೇಲಿನ ಪಟ್ಟಿಯ ಅಡಿಗೆ ಬೀಳುತ್ತದೆ. ಆ ಅಡಿಯೂ ಹೊಳೆಯುತ್ತಿದ್ದರೆ ಬೆಳಕು ಹಾಗೇ ಒಳಗೆ ಬಂದು ಕನ್ನಡಿಯ ತುಂಬ ಬೆಳ್ಳಿ ಗೆರೆಗಳು. ಮಂಕು ಕಪ್ಪು ಅದನ್ನು ನುಂಗಿಬಿಡುತ್ತದೆ. ಮೊದಲು ಅಡಿಯ ಕಪ್ಪು ಹೊಡೆದು, ದುಂಡಂಚಿನ ಕೆಳಗಡೆ ಫೋಮ್ ಟೇಪ್ ಕೂರಿಸಿ, ಆಮೇಲೆ ಮೇಲಿನ ಬಣ್ಣ. ಸಾದಾ ಟೇಪ್ ಹಾಕಿದರೆ ಎರಡು ಬಣ್ಣ ಸೇರುವಲ್ಲಿ ಮೆಟ್ಟಿಲಿನಂಥ ಗೆರೆ ಉಳಿಯುತ್ತದೆ.

ಸ್ಪ್ರೇ ಕೆಲಸವನ್ನೆಲ್ಲ ಪರಿಚಯದ ಬಾಡಿ ಶಾಪಿನ ಬೂತ್ ಬಾಡಿಗೆಗೆ ಪಡೆದು ಮಾಡಿದೆ, ಉಜ್ಜುವುದು ಮಾತ್ರ ಮನೆಯಲ್ಲಿ. ಇಲ್ಲಿ ಎಷ್ಟೋ ಮನೆಗಳ ಗ್ಯಾರೇಜಿನಲ್ಲಿ ಗ್ಯಾಸಿನ ಗೀಸರ್ ಇರುತ್ತದೆ, ಬಣ್ಣದ ಆವಿಗೆ ಒಂದು ಕಿಡಿ ಸಾಕು. ಅದಕ್ಕಿಂತ ಮುಖ್ಯವಾಗಿ, ಗಟ್ಟಿಗೊಳಿಸುವ ದ್ರವ ಬೆರೆಸುವ ಟೂಕೆ ಕ್ಲಿಯರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ವಾಸನೆ ಬರುವ ಹೊತ್ತಿಗೆ ಆಗಲೇ ಜಾಸ್ತಿ ಒಳಗೆ ಹೋಗಿರುತ್ತದೆ, ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಚೂರು ಸೋಕಿದರೂ ಉಬ್ಬಸ. ಸ್ಪ್ರೇ ಡಬ್ಬಿಯಲ್ಲಿ ಸಿಗುವ ಟೂಕೆಯೂ ಅದೇ ಜಾತಿ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಹಾಕಿಕೊಂಡೇ ಹೊಡೆಯಿರಿ. ಇಲ್ಲವೇ ಕ್ಲಿಯರ್ ಕೆಲಸವನ್ನು ಅಂಗಡಿಗೇ ಬಿಡಿ, ಅದರಲ್ಲಿ ಅವಮಾನವೇನಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಭಾವಮೈದ ಫೋಟೊ ನೋಡಿ, "ಭಾವ, ಅದೇ ಡ್ರಾಯಿಂಗ್ ಕಳಿಸಿ, ನನ್ನ ಗೆಳೆಯನ ಮಸ್ಟಾಂಗಿಗೂ ಮಾಡಿಸ್ತೀವಿ" ಅಂದ. ಭಾರತದಲ್ಲೂ 2016ರಿಂದ ಈ ಕಾರು ಮಾರಾಟವಾಗಿತ್ತಲ್ಲ. ಅಲ್ಲಿ ಹಿಂದಿನ ಗಾಜಿನಲ್ಲಿ ಶೇ. 70 ಬೆಳಕು ದಾಟಬೇಕು ಅನ್ನುವ ನಿಯಮವಿದೆ, 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮನ್ನು ನಿಲ್ಲಿಸಿದ್ದೂ ಅದರ ಮೇಲೆಯೇ. ಲೂವರ್ ಫಿಲ್ಮ್ ಅಲ್ಲ ಅಂತ ರಸ್ತೆಬದಿಯಲ್ಲಿ ಟ್ರಾಫಿಕ್ ಪೊಲೀಸರಿಗೆ ವಿವರಿಸುವ ಧೈರ್ಯ ಇದ್ದರೂ ಮೊದಲು ಆರ್‌ಟಿಒದಲ್ಲಿ ಕೇಳಿಕೋ ಅಂದೆ. ಡ್ರಾಯಿಂಗ್ ಕಳಿಸಿದ್ದೇನೆ. ಆದರೆ ಬಲಗಡೆ ಸ್ಟಿಯರಿಂಗ್ ಇರುವ ಆ ಕಾರಿನಲ್ಲಿ ಕೂರುವವನ ಎತ್ತರ, ಅವನ ಕನ್ನಡಿಯ ಹೊಂದಾಣಿಕೆ ಬೇರೆ. ನೂಲು ಕಟ್ಟಿ ಕೋನಗಳನ್ನು ಅವರೇ ಮತ್ತೆ ಅಳೆಯಬೇಕು.

ನವೆಂಬರ್ ಬಂದ ಮೇಲೆ ನಾನು ಲೂವರ್ ಬಿಚ್ಚಿಡುತ್ತೇನೆ. ಪಟ್ಟಿಗಳ ನಡುವೆ ಹಿಮ ತುಂಬಿದರೆ ಗಾಜನ್ನು ಬಿಸಿಮಾಡುವ ತಂತಿಗಳು ಅದನ್ನು ಕರಗಿಸಲಾರವು, ರಸ್ತೆಗೆ ಸುರಿಯುವ ಉಪ್ಪೂ ಸಂದಿಯಲ್ಲೇ ಕೂರುತ್ತದೆ. ಕೀಲಿನ ಪಿನ್ ಎಳೆದರೆ ಐದು ನಿಮಿಷದ ಕೆಲಸ. ಕೊಕ್ಕೆ ಕಾರಿನ ಬಣ್ಣಕ್ಕೆ ತಾಗುವ ಕಡೆ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸಿದ್ದೇನೆ. ಅಲ್ಲಿ ಧೂಳು ಸೇರಿ ಅದುರುತ್ತಿದ್ದರೆ ಒಂದು ಬೇಸಿಗೆಯಲ್ಲೇ ಕ್ಲಿಯರ್ ಸವೆದು ಹೋಗುತ್ತದೆ. ಆ ಫಿಲ್ಮನ್ನು ಪ್ರತಿ ವಸಂತದಲ್ಲಿ ಲೂವರ್ ಮತ್ತೆ ಕೂರಿಸುವ ಮುಂಚೆ ಬದಲಾಯಿಸುತ್ತೇನೆ.