ಸುರಗಿ ಮರವನ್ನು ಗುರುತಿಸಿ, ಬೆಳೆಸಿ, ಹೂ ಬಿಡಿಸುವ ಕ್ರಮ

ಪಶ್ಚಿಮ ಘಟ್ಟದ ಆಸುಪಾಸಿನಲ್ಲಷ್ಟೇ ಸಹಜವಾಗಿ ಬೆಳೆಯುವ ನಿತ್ಯಹರಿದ್ವರ್ಣ ಮರಗಳಲ್ಲಿ ಸುರಗಿಯೂ ಒಂದು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಿತ್ತಿಲು, ಸೊಪ್ಪಿನಬೆಟ್ಟಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಈ ಮರವನ್ನು ಹೂವಿಲ್ಲದ ಕಾಲದಲ್ಲಿ ಎಲೆಯಿಂದಲೇ ಗುರುತಿಸಬೇಕಾಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ. ಗೇಣುದ್ದದವರೆಗೆ ಬೆಳೆಯುವ ಅವು ದಪ್ಪ ಮತ್ತು ಬಿರುಸು, ಮೈತುಂಬ ನವಿರಾದ ನರಗಳ ಬಲೆ.

ಹೂ ಬಂದಾಗ ಇದನ್ನು ನಾಗಸಂಪಿಗೆ ಎಂದುಕೊಳ್ಳುವವರುಂಟು. ಎರಡರಲ್ಲಿಯೂ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗುಚ್ಛ ಇರುವುದು ನಿಜ. ಆದರೆ ನಾಗಸಂಪಿಗೆಯ ಹೂ ದೊಡ್ಡದು, ಚಿಗುರು ಕೆಂಪು, ಎಲೆಯ ತಳಭಾಗ ಬೂದಿ ಬಳಿದಂತೆ ಬೆಳ್ಳಗೆ; ಸುರಗಿಯ ಹೂವಿನ ಅಗಲ ಸುಮಾರು 2 ಸೆಂ.ಮೀ. ಮಾತ್ರ. ಎಲ್ಲಕ್ಕಿಂತ ಖಚಿತವಾದ ಗುರುತೆಂದರೆ, ಸುರಗಿಯ ಮೊಗ್ಗು ಎಳೆಯ ರೆಂಬೆಯ ತುದಿಯಲ್ಲಿ ಮೂಡದೆ, ಎಲೆ ಉದುರಿ ಬರಿದಾದ ಹಳೆಯ ಕೊಂಬೆಗಳ ಗಂಟುಗಳಲ್ಲಿ ಗೊಂಚಲುಗೊಂಚಲಾಗಿ ಮೂಡುತ್ತದೆ.

ಮರವನ್ನು ನೋಡಿಕೊಳ್ಳುವ ಕ್ರಮವೆಲ್ಲ ಈ ಒಂದು ಗುಣವನ್ನು ಅವಲಂಬಿಸಿದೆ. ತೋಟಕ್ಕೆ ಸೊಪ್ಪು ಸವರುವಾಗ ಸುರಗಿಯನ್ನೂ ಬೋಳಿಸಿದರೆ, ಅಥವಾ ಹತ್ತುವ ಶ್ರಮ ತಪ್ಪಿಸಲು ಕೊಂಬೆಯನ್ನೇ ಕಡಿದು ಕೆಳಗೆ ಕುಳಿತು ಮೊಗ್ಗು ಬಿಡಿಸಿದರೆ, ಹೊಸ ರೆಂಬೆ ಬಲಿತು ಹೂ ಹಿಡಿಯುವವರೆಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ದೋಟಿ ಹಾಕಿ ಜಗ್ಗುವುದೂ ಸಲ್ಲದು. ಏಣಿ ಇಟ್ಟು, ಗಂಟಿಗೆ ಗಾಯವಾಗದಂತೆ ಕೈಯಿಂದಲೇ ಬಿಡಿಸುವುದು ಸರಿಯಾದ ಕ್ರಮ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೂವಿನ ಕಾಲ. ಮಾಲೆಗೆ ಬೇಕಾದದ್ದು ಅರಳಿದ ಹೂವಲ್ಲ, ಇನ್ನೇನು ಬಿರಿಯಲಿರುವ ಮೊಗ್ಗು; ಆದ್ದರಿಂದ ಬೆಳಕು ಹರಿಯುವ ಹೊತ್ತಿಗೇ ಬಿಡಿಸಬೇಕು.

ಗಿಡ ಮಾಡುವುದಕ್ಕೆ ಬೀಜವೇ ಸಾಕು. ಕೆಲವು ಮರಗಳಲ್ಲಿ ಗಂಡು ಹೂ ಮಾತ್ರ ಬಿಡುವುದರಿಂದ, ಕಾಯಿ ಕಚ್ಚುವ ಮರವನ್ನು ಹೂವಿನ ಕಾಲದ ನಂತರ ಗುರುತಿಸಿಟ್ಟುಕೊಳ್ಳಬೇಕು. ಉದುರಿದ ಹಣ್ಣಿನ ತಿರುಳು ತೆಗೆದು, ಬೀಜವನ್ನು ಒಣಗಿಸದೆ, ಮರಳು ಬೆರೆಸಿದ ಕಾಡುಮಣ್ಣಿನಲ್ಲಿ ಕೂಡಲೇ ಊರಬೇಕು. ಮೊಳಕೆ ನಿಧಾನ, ಬೆಳವಣಿಗೆ ಇನ್ನೂ ನಿಧಾನ. ಸಸಿಗೆ ಮೊದಲ ಬೇಸಿಗೆಗಳಲ್ಲಿ ನೆರಳೂ ನೀರೂ ಬೇಕು. ಅಡಿಕೆ ತೋಟದ ಅಂಚು, ನೀರು ನಿಲ್ಲದ ಜಾಗವಾದರೆ, ಇದಕ್ಕೆ ತಕ್ಕ ಸ್ಥಳ.

ಮಾಲೆಗೆ ಬಳಸಿ ಮಿಕ್ಕ ಮೊಗ್ಗನ್ನು ಎಸೆಯಬೇಕಾಗಿಲ್ಲ. ನೆರಳಿನಲ್ಲಿ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ, ಮಳೆಗಾಲದ ಥಂಡಿ ತಾಗದಂತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ, ಬಣ್ಣ ಕಂದಿದರೂ ಪರಿಮಳ ತಿಂಗಳುಗಟ್ಟಲೆ ಉಳಿಯುತ್ತದೆ.