ಗದಗಿನಲ್ಲಿ ಒಂದು ದಿನ: ಬೆಳಿಗ್ಗೆ ಲಕ್ಕುಂಡಿ, ಸಂಜೆ ಭೀಷ್ಮ ಕೆರೆ

ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಹುಬ್ಬಳ್ಳಿಯಿಂದ ಹೊರಟು, ಭೀಷ್ಮ ಕೆರೆಯ ದಂಡೆಯ ಮೇಲಿನ ಬಸವಣ್ಣನ ಎತ್ತರದ ಮೂರ್ತಿಯ ಮುಂದೆ ಫೋಟೊ ತೆಗೆಸಿಕೊಂಡು, ಉದ್ಯಾನದಲ್ಲಿ ಒಂದು ಸುತ್ತು ಹಾಕಿ ಕತ್ತಲಾಗುವಷ್ಟರಲ್ಲಿ ವಾಪಸಾಗುವವರು ಬಹಳ ಮಂದಿ. ಕೆರೆ ಚೆಂದವೇ. ಆದರೆ ಅದೇ ಊರಿನಲ್ಲಿ ತ್ರಿಕೂಟೇಶ್ವರ ಮತ್ತು ವೀರನಾರಾಯಣ ಗುಡಿಗಳಿವೆ, ಹನ್ನೆರಡು ಕಿಲೋಮೀಟರ್ ಆಚೆಗೆ ಲಕ್ಕುಂಡಿಯಿದೆ. ಅವನ್ನು ನೋಡದೆ ಬರುವುದೆಂದರೆ ಊಟಕ್ಕೆ ಕರೆದವರ ಮನೆಯಲ್ಲಿ ಬರೀ ನೀರು ಕುಡಿದು ಎದ್ದು ಬಂದಂತೆ. ದಿನದ ಕ್ರಮವನ್ನು ಸ್ವಲ್ಪ ತಿರುವಿ ಹಾಕಿದರೆ ಎಲ್ಲವೂ ಅವಸರವಿಲ್ಲದೆ ಆಗುತ್ತದೆ. ಕೆತ್ತನೆ ನೋಡಲು ಬೆಳಗಿನ ಬಿಸಿಲು ಬೇಕು, ಕೆರೆಗೆ ಸಂಜೆ ಹೋಗಬೇಕು.

1. ಬೇಗ ಹೊರಡಿ

ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿಲೋಮೀಟರ್. ರೈಲೂ ಇದೆ, ಬಸ್ಸೂ ಇದೆ. ಆರು ಗಂಟೆಗೆ ಹೊರಟರೆ ಒಳ್ಳೆಯದು. ಗದಗದಲ್ಲಿ ಇಳಿದವರು ಕೊಪ್ಪಳ, ಹೊಸಪೇಟೆ ಕಡೆಯ ಬಸ್ ಹತ್ತಬೇಕು. ಲಕ್ಕುಂಡಿಯಲ್ಲಿ ನಿಲ್ಲಿಸುತ್ತಾರೆಯೇ ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ, ಎಲ್ಲ ಬಸ್ಸೂ ನಿಲ್ಲುವುದಿಲ್ಲ. ನೀರು, ಟೋಪಿ, ಒಂದು ಸಣ್ಣ ಟಾರ್ಚ್ ಜೊತೆಗಿರಲಿ. ಗರ್ಭಗುಡಿಯ ಕತ್ತಲಲ್ಲಿ ಟಾರ್ಚ್ ಬಹಳ ಕೆಲಸಕ್ಕೆ ಬರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ಹವೆ ಹಿತ. ಏಪ್ರಿಲ್‌ನಲ್ಲಿ ಹೋದರೆ ಬರಿಗಾಲಿಗೆ ಗುಡಿಯ ಹಾಸುಗಲ್ಲು ಸುಡುತ್ತದೆ.

2. ಲಕ್ಕುಂಡಿಗೆ ಅರ್ಧ ದಿನ ಕೊಡಿ

ನೂರೊಂದು ಗುಡಿ, ನೂರೊಂದು ಬಾವಿ ಎಂದು ಲಕ್ಕುಂಡಿಯ ಬಗ್ಗೆ ಜನ ಹೇಳುತ್ತಾರೆ. ಶಾಸನಗಳ ಲೊಕ್ಕಿಗುಂಡಿ ಇದೇ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬೆಳೆದ ಪಟ್ಟಣ, ಮುಂದೆ ಹೊಯ್ಸಳರ ಇಮ್ಮಡಿ ಬಲ್ಲಾಳನೂ ಇಲ್ಲಿ ಬೀಡುಬಿಟ್ಟಿದ್ದ. ಎಲ್ಲವನ್ನೂ ನೋಡುವ ಹಟ ಬೇಡ. ನಾಲ್ಕು ಜಾಗ ಸಾಕು.

ಮೊದಲು ಕಾಶಿವಿಶ್ವನಾಥ ಗುಡಿ. ಶಿವನಿಗೆ ಎದುರಾಗಿ ಸೂರ್ಯನ ಗುಡಿ ಇರುವ ಜೋಡಿ ರಚನೆ ಇದು. ಒಳಗೆ ನುಗ್ಗುವ ಮುನ್ನ ಬಾಗಿಲವಾಡದ ಮುಂದೆ ಐದು ನಿಮಿಷ ನಿಲ್ಲಿ. ಚೌಕಟ್ಟು ಒಂದೇ ಪಟ್ಟಿಯಲ್ಲ, ಒಂದರೊಳಗೊಂದು ಕೂಡಿಸಿದ ಹಲವು ಪಟ್ಟಿಗಳು. ಬಳ್ಳಿಯ ಪಟ್ಟಿಯೊಂದನ್ನು ಹಿಡಿದು ಬುಡದಿಂದ ಮೇಲಕ್ಕೆ ಕಣ್ಣು ಹಾಯಿಸಿ. ಬಿಸಿಲು ಓರೆಯಾಗಿ ಬಿದ್ದಾಗ ಎಲೆಯ ಹಿಂದಿನ ಪೊಳ್ಳು ಕೂಡ ಕಾಣುತ್ತದೆ.

ಇಷ್ಟು ಸಣ್ಣ ಕೆಲಸ ಸಾಧ್ಯವಾದದ್ದು ಕಲ್ಲಿನಿಂದ. ಬಾದಾಮಿ, ಪಟ್ಟದಕಲ್ಲಿನಲ್ಲಿ ಇದ್ದದ್ದು ಮರಳುಗಲ್ಲು. ಇಲ್ಲಿ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಉಳಿ ಹೇಳಿದಂತೆ ಕೇಳುವ ಕಲ್ಲು. ಕಂಬಗಳನ್ನು ತಿರುಗಣೆಗೆ ಹಾಕಿ ತಿರುಗಿಸಿ ಕಡೆದಿದ್ದಾರೆ. ಪಕ್ಕದಲ್ಲೇ ಇರುವ ಚಿಕ್ಕ ನನ್ನೇಶ್ವರ ಗುಡಿಯಲ್ಲಿ ಒಂದು ಕಂಬದ ಹತ್ತಿರ ಕೂತು ಟಾರ್ಚನ್ನು ಬದಿಯಿಂದ ಹಿಡಿಯಿರಿ. ಸುತ್ತಲೂ ಕೂದಲೆಳೆಯಷ್ಟು ಸಮನಾದ ಉಂಗುರಗಳು ಕಾಣುತ್ತವೆ. ನನಗಂತೂ ದೊಡ್ಡ ಶಿಖರಕ್ಕಿಂತ ಈ ಉಂಗುರಗಳ ಮುಂದೆಯೇ ಹೆಚ್ಚು ಹೊತ್ತು ಹೋಗುತ್ತದೆ. ಕಂಬಕ್ಕೆ ಕೈ ಉಜ್ಜಬೇಡಿ, ಕುಂಕುಮ, ಎಣ್ಣೆ ಹಚ್ಚಬೇಡಿ.

ಮೂರನೆಯದು ಬ್ರಹ್ಮ ಜಿನಾಲಯ. 1007ರ ಶಾಸನದಿಂದ ಇದು ಅತ್ತಿಮಬ್ಬೆ ಕಟ್ಟಿಸಿದ ಬಸದಿ ಎಂದು ಗೊತ್ತಾಗುತ್ತದೆ. ಕನ್ನಡ ಓದುವ ಯಾರೂ ಇಲ್ಲಿಗೆ ಒಮ್ಮೆ ಬರಲೇಬೇಕು. ಅಚ್ಚುಕೂಟವೇ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಈಕೆ. ರನ್ನನಿಂದ ಅಜಿತಪುರಾಣ ಬರೆಸಿದವಳೂ ಈಕೆಯೇ. ತಾಳೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆದು ಸಾವಿರ ಪ್ರತಿ! ಎಷ್ಟು ಲಿಪಿಕಾರರು ಎಷ್ಟು ದಿನ ಕೂತಿರಬೇಕು? ಇವಳ ಹೆಸರನ್ನು ಮಕ್ಕಳಿಗೆ ಇಲ್ಲೇ, ಈ ಬಸದಿಯ ಮುಂದೆಯೇ ನಿಂತು ಹೇಳಿ. ಬಸದಿಯ ಹತ್ತಿರವೇ ಇರುವ ವಸ್ತುಸಂಗ್ರಹಾಲಯಕ್ಕೂ ಹೋಗಿ, ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿಕೊಳ್ಳಿ.

ಕೊನೆಗೆ ಮಾಣಿಕೇಶ್ವರ ಗುಡಿ ಮತ್ತು ಅದರ ಮಗ್ಗುಲಿನ ಮುಸುಕಿನ ಬಾವಿ. ಮೆಟ್ಟಿಲುಗಳು ನೀರಿನತ್ತ ಇಳಿಯುತ್ತವೆ, ಗೋಡೆಗಳಲ್ಲಿ ಪುಟ್ಟ ಗುಡಿಗಳಂಥ ಗೂಡುಗಳು. ಮೆಟ್ಟಿಲು ಕಡಿದಾಗಿವೆ, ಪಾಚಿ ಕಟ್ಟಿದರೆ ಜಾರುತ್ತವೆ. ಮಕ್ಕಳ ಕೈ ಬಿಡಬೇಡಿ, ನೀರಿಗೆ ಏನನ್ನೂ ಎಸೆಯಬೇಡಿ.

3. ಮಧ್ಯಾಹ್ನ ವಿಶ್ರಾಂತಿ

ಗದಗಕ್ಕೆ ಮರಳಿ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಊರಿನ ಗುಡಿಗಳಲ್ಲಿ ಪೂಜೆ ನಡೆಯುತ್ತದೆ, ಮಧ್ಯಾಹ್ನ ಬಾಗಿಲು ಹಾಕುವುದುಂಟು. ನಾಲ್ಕರವರೆಗೆ ನೆರಳಲ್ಲಿ ಕೂತಿರಿ.

4. ವೀರನಾರಾಯಣ, ತ್ರಿಕೂಟೇಶ್ವರ

ಕುಮಾರವ್ಯಾಸ ಹುಬ್ಬಳ್ಳಿ ಸೀಮೆಯ ಕೋಳಿವಾಡದವನು. ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ, ಬಟ್ಟೆ ಆರುವವರೆಗೂ ಭಾರತ ಬರೆಯುತ್ತಿದ್ದ ಎಂಬುದು ಗದುಗಿನವರ ನಂಬಿಕೆ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಭಾಮಿನಿ ಷಟ್ಪದಿಯ ನಾಲ್ಕು ಪದ್ಯ ಬಾಯಿಗೆ ಬರುತ್ತಿದ್ದರೆ ಅಲ್ಲಿ ಹೇಳಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ.

ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ: ಬ್ರಹ್ಮ, ವಿಷ್ಣು, ಮಹೇಶ್ವರ. ದರ್ಶನವಾದ ಮೇಲೆ ಹೊರಟುಬಿಡಬೇಡಿ, ಅದೇ ಆವರಣದ ಸರಸ್ವತಿ ಗುಡಿಗೂ ಹೋಗಿ. ಮೂರ್ತಿ ಭಗ್ನವಾಗಿದೆ, ಆದರೆ ಮುಂದಿನ ಮಂಟಪದ ಕಂಬಗಳಂಥವು ಈ ಸೀಮೆಯಲ್ಲಿ ಅಪರೂಪ. ಬೆಳಿಗ್ಗೆ ಲಕ್ಕುಂಡಿಯ ಕಂಬಗಳನ್ನು ಗಮನವಿಟ್ಟು ನೋಡಿದವರಿಗೆ ಇಲ್ಲಿನ ಕೈಚಳಕ ಬಿಡಿಸಿ ಹೇಳಬೇಕಾಗಿಲ್ಲ.

5. ಕೆರೆಯ ದಂಡೆ

ಐದೂವರೆಗೆ ಭೀಷ್ಮ ಕೆರೆಗೆ ಬನ್ನಿ. ಬಿಸಿಲಿಳಿದು ಗಾಳಿ ಬೀಸಲು ಶುರುವಾಗಿರುತ್ತದೆ. ಮಕ್ಕಳು ಆಡಲಿ, ಹಿರಿಯರು ಕೂರಲಿ. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಿ. ಮಳೆ ಕೈಕೊಟ್ಟ ವರ್ಷ ಈ ಭಾಗದ ಕೆರೆಗಳಲ್ಲಿ ನೀರು ತಳ ಸೇರುತ್ತದೆ, ಬೋಟಿಂಗ್ ಇದ್ದೇ ಇರುತ್ತದೆಂದು ಮಕ್ಕಳಿಗೆ ಮಾತು ಕೊಡಬೇಡಿ. ತಿಂಡಿಯ ಪ್ಲಾಸ್ಟಿಕ್ ಚೀಲಗಳನ್ನು ನಿಮ್ಮ ಜೊತೆಗೇ ಒಯ್ಯಿರಿ. ಹಸಿವಾದರೆ ಗದಗಿನ ಬದನೆಕಾಯಿ ಭಜಿ ಇದೆ, ಬಿಸಿಯಾಗಿದ್ದಾಗಲೇ ತಿನ್ನಬೇಕು.

ಹಿಂದಿರುಗುವ ದಾರಿಯಲ್ಲೇ ಅಣ್ಣಿಗೇರಿ ಸಿಗುತ್ತದೆ. ಅಲ್ಲಿನ ಅಮೃತೇಶ್ವರ ಗುಡಿಯೂ ಚಾಲುಕ್ಯರ ಕಾಲದ್ದೇ. ಕತ್ತಲಲ್ಲಿ ಅವಸರದಿಂದ ಇಣುಕುವುದಕ್ಕಿಂತ ಅದನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.