ಎಕ್ಸ್ ಎಂಥ ಸಂಖ್ಯೆ? ಸಿಂಪೈಗೆ ಮೊದಲೇ ಹೇಳಿ

ಪೈಥಾನ್‌ನ ಬೀಜಗಣಿತ ಲೈಬ್ರರಿ ಸಿಂಪೈಗೆ √(ಎಕ್ಸ್²) ಕೊಟ್ಟರೆ √(ಎಕ್ಸ್²) ಎಂದೇ ಮರಳಿ ಬರುತ್ತದೆ. ಸಿಂಪ್ಲಿಫೈ ಆದೇಶವನ್ನು ಮತ್ತೆ ಮತ್ತೆ ಕೊಟ್ಟು, ಕೊನೆಗೆ ಕೈಯಲ್ಲೇ ‘ಎಕ್ಸ್’ ಎಂದು ತಿದ್ದಿಕೊಳ್ಳುವ ವಿದ್ಯಾರ್ಥಿಗಳು ಬಹಳ. ಆದರೆ ಎಕ್ಸ್‌ನ ಬೆಲೆ −3 ಆಗಿದ್ದರೆ ಆ ವರ್ಗಮೂಲ 3. ಚರಾಕ್ಷರದ ಗುಣವನ್ನು ನೀವು ಹೇಳದಿದ್ದರೆ, ಅದು ಸಂಮಿಶ್ರ ಸಂಖ್ಯೆಯೂ ಆಗಿರಬಹುದು ಎಂದು ಸಿಂಪೈ ಎಚ್ಚರದಿಂದ ನಡೆಯುತ್ತದೆ.

ಗುಣ ಹೇಳುವುದು ಸುಲಭ. ಸಿಂಬಲ್ಸ್ ಆದೇಶದಲ್ಲಿ ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ‘ಪಾಸಿಟಿವ್=ಟ್ರೂ’ ಎಂದು ಸೇರಿಸಿ. (ಆದೇಶಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ‘ಟ್ರೂ’ ಪದದ ಮೊದಲ ಅಕ್ಷರ ದೊಡ್ಡದು.) ಈಗ √(ಎಕ್ಸ್²) ಕೂಡಲೇ ಎಕ್ಸ್ ಆಗುತ್ತದೆ. ‘ರಿಯಲ್’ (ವಾಸ್ತವ ಸಂಖ್ಯೆ) ಎಂದಿದ್ದರೆ ನಿರಪೇಕ್ಷ ಬೆಲೆ |ಎಕ್ಸ್| ಬರುತ್ತದೆ, ‘ನೆಗೆಟಿವ್’ ಎಂದಿದ್ದರೆ −ಎಕ್ಸ್. ಪೈಥಾನ್‌ನದೇ ಟೈಪ್ ಹಿಂಟ್, ಅಂದರೆ ಹೆಸರಿನ ಮುಂದೆ ಕೋಲನ್ ಹಾಕಿ ‘ಇಂಟ್’ ಎಂದು ಬರೆಯುವುದು, ಇಲ್ಲಿ ಕೆಲಸಕ್ಕೆ ಬಾರದು. ಸಿಂಪೈ ಅದನ್ನು ನೋಡುವುದೇ ಇಲ್ಲ.

ಯಾವ ಗುಣ ಕೊಡಬೇಕು? ದ್ರವ್ಯರಾಶಿ, ಉದ್ದ, ಸ್ಪ್ರಿಂಗ್ ಸ್ಥಿರಾಂಕಗಳಿಗೆ ಪಾಸಿಟಿವ್. ಸ್ಥಾನ, ವೇಗ, ಕೋನಗಳಿಗೆ ರಿಯಲ್ ಮಾತ್ರ. ಸೊನ್ನೆಯೂ ಆಗಬಹುದಾದದ್ದಕ್ಕೆ ನಾನ್‌ನೆಗೆಟಿವ್, ಏಕೆಂದರೆ ಪಾಸಿಟಿವ್‌ನಲ್ಲಿ ಸೊನ್ನೆ ಸೇರುವುದಿಲ್ಲ. ಎಣಿಕೆಯ ಎನ್‌ಗೆ ಇಂಟಿಜರ್ (ಪೂರ್ಣಾಂಕ) ಎಂದರೆ ಸೈನ್(ಎನ್π) ತಾನೇ 0 ಆಗುತ್ತದೆ, ಕಾಸ್(ಎನ್π) ಎಂಬುದು (−1)ನ ಎನ್‌ನೇ ಘಾತವಾಗುತ್ತದೆ. ಫೂರಿಯೆ ಶ್ರೇಣಿ ಮಾಡುವವರಿಗೆ ಇದಿಲ್ಲದೆ ಗತಿಯಿಲ್ಲ. ಅನುಕಲನದಲ್ಲಿಯೂ ಅಷ್ಟೇ: ಎಕ್ಸ್‌ನ ಎನ್‌ನೇ ಘಾತವನ್ನು ಅನುಕಲಿಸಿದರೆ ‘ಎನ್ −1 ಅಲ್ಲದಿದ್ದರೆ ಹೀಗೆ, ಇಲ್ಲವಾದರೆ ಲಾಗ್’ ಎಂದು ಎರಡು ಕವಲಿನ ಉತ್ತರ ಬರುತ್ತದೆ. ಎನ್ ಪಾಸಿಟಿವ್ ಎಂದರೆ ಒಂದೇ ಸಾಲು.

ಎಲ್ಲರೂ ಎಡವುವ ಜಾಗ ಮುಂದಿದೆ. ಸಿಂಪೈನಲ್ಲಿ ಚರಾಕ್ಷರದ ಗುರುತು ಹೆಸರೊಂದೇ ಅಲ್ಲ, ಹೆಸರು ಮತ್ತು ಗುಣ ಎರಡೂ ಸೇರಿ. ಬರಿಯ ಎಕ್ಸ್ ಬೇರೆ, ಪಾಸಿಟಿವ್ ಎಕ್ಸ್ ಬೇರೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ತದ್ರೂಪಿ ಅವಳಿಗಳ ಹಾಗೆ. ನೀವು ಮೊದಲು ಬರಿಯ ಎಕ್ಸ್‌ನಲ್ಲಿ ಒಂದು ಸಮೀಕರಣ ಕಟ್ಟಿ, ಆಮೇಲೆ ನೆನಪಾಗಿ ಎಕ್ಸ್‌ಗೆ ಪಾಸಿಟಿವ್ ಎಂದು ಹೊಸದಾಗಿ ಬರೆದಿರಿ ಎನ್ನಿ. ಹಳೆಯ ಸಮೀಕರಣದೊಳಗೆ ಹಳೆಯ ಎಕ್ಸ್ ಹಾಗೆಯೇ ಉಳಿದಿರುತ್ತದೆ. ಈಗ ಎಕ್ಸ್²ನ್ನು ಹೊಸ ಎಕ್ಸ್‌ನಿಂದ ಅವಕಲಿಸಿದರೆ 2ಎಕ್ಸ್ ಬದಲು 0 ಬರುತ್ತದೆ. ಎಕ್ಸ್‌ಗೆ 5 ಎಂಬ ಬೆಲೆ ಹಾಕಿದರೆ ಏನೂ ಬದಲಾಗುವುದಿಲ್ಲ. ಎಕ್ಸ್ − ಎಕ್ಸ್ ಸೊನ್ನೆಯಾಗದೆ ಹಾಗೇ ನಿಲ್ಲುತ್ತದೆ. ಎಲ್ಲಿಯೂ ದೋಷ ಸಂದೇಶವಿಲ್ಲ. ಆ 0 ಸದ್ದಿಲ್ಲದೆ ವರದಿಯವರೆಗೂ ಹೋಗಿಬಿಡುತ್ತದೆ.

ಅನುಮಾನ ಬಂದರೆ ಆ ಉಕ್ತಿಯ ಫ್ರೀ_ಸಿಂಬಲ್ಸ್, ಅಂದರೆ ಅದರಲ್ಲಿರುವ ಚರಾಕ್ಷರಗಳ ಪಟ್ಟಿ, ಮುದ್ರಿಸಿ. ಪಟ್ಟಿಯಲ್ಲಿ ಎಕ್ಸ್ ಎರಡು ಸಲ ಕಂಡರೆ ಅವಳಿಗಳು ಸೇರಿಕೊಂಡಿವೆ ಎಂದೇ ಅರ್ಥ. ಒಂದೇ ಸಲ ಕಂಡರೂ ಅದು ಹಳೆಯದೇ ಇರಬಹುದು, ಆದ್ದರಿಂದ ಅದರ ಅಸಂಪ್ಶನ್ಸ್0 ತೆರೆದು ಗುಣಗಳನ್ನು ಓದಿ. ರಿಪೇರಿಗೆ, ಪಟ್ಟಿಯಿಂದ ಹಳೆಯ ಎಕ್ಸ್ ಎತ್ತಿಕೊಂಡು ಸಬ್ಸ್ ಆದೇಶದಿಂದ ಹೊಸದನ್ನು ಅದರ ಜಾಗಕ್ಕೆ ಕೂರಿಸಿ. ಆಗ ಉಕ್ತಿ ಹೊಸ ಗುಣದೊಂದಿಗೆ ಮತ್ತೆ ಕಟ್ಟಿಕೊಳ್ಳುತ್ತದೆ.

ಅವಳಿಗಳು ಹುಟ್ಟುವ ದಾರಿಗಳು ಮುಖ್ಯವಾಗಿ ಮೂರು. ಒಂದು, ಉದ್ಧರಣ ಚಿಹ್ನೆಯೊಳಗೆ ಬರೆದ ಸೂತ್ರವನ್ನು, ಪಠ್ಯವನ್ನು ಉಕ್ತಿಯಾಗಿಸುವ ಸಿಂಪಿಫೈ ಆದೇಶಕ್ಕೆ ಕೊಡುವುದು: ಅದು ಗುಣವಿಲ್ಲದ ಎಕ್ಸ್ ಸೃಷ್ಟಿಸುತ್ತದೆ. ಲೋಕಲ್ಸ್ ನಿಘಂಟಿನಲ್ಲಿ ನಿಮ್ಮ ಎಕ್ಸ್ ಒದಗಿಸಿ. ಇನ್ನೊಂದು, ಸಿಂಪೈ.ಎಬಿಸಿಯಿಂದ ಅಕ್ಷರಗಳನ್ನು ಆಮದು ಮಾಡುವ ಅಡ್ಡದಾರಿ, ಅಲ್ಲಿರುವುದೆಲ್ಲ ಗುಣಹೀನ. ಅದನ್ನು ಬಳಸಲೇಬೇಡಿ. ಮೂರನೆಯದು ಸಿಂಪೈ ಜೊತೆ ಸಂವಾದ ಶುರುಮಾಡುವ ಇನಿಟ್_ಸೆಷನ್ ಆದೇಶ: ಅದು ಕೆ, ಎಂ, ಎನ್‌ಗಳನ್ನು ಇಂಟಿಜರ್ ಎಂದು ತಾನೇ ಘೋಷಿಸಿರುತ್ತದೆ, ನೀವು ಬರೆದ ಬರಿಯ ಎನ್ ಅದಕ್ಕೆ ಹೊಂದುವುದಿಲ್ಲ. ಕಡತದ ಮೇಲ್ಭಾಗದಲ್ಲಿ ಒಂದೇ ಕಡೆ, ಒಂದೇ ಸಲ ಎಲ್ಲ ಚರಾಕ್ಷರಗಳನ್ನೂ ಘೋಷಿಸಿ.

ಘೋಷಿಸಿದ ಕೂಡಲೇ ಇಸ್_ಪಾಸಿಟಿವ್ ಕೇಳಿ ನೋಡಿ. ಗುಣದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸಿಂಪೈ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಗುಣ ಮಾತ್ರ ಅಂಟುವುದಿಲ್ಲ. ಉತ್ತರ ಮೂರು ಬಗೆ: ಟ್ರೂ, ಫಾಲ್ಸ್, ನನ್. ‘ನನ್’ ಎಂದರೆ ಗೊತ್ತಿಲ್ಲ ಎಂದು. ಪಾಸಿಟಿವ್ ಎಕ್ಸ್‌ನಲ್ಲಿ ಎಕ್ಸ್+1ಕ್ಕೆ ಟ್ರೂ ಸಿಗುತ್ತದೆ, ಎಕ್ಸ್−1ಕ್ಕೆ ನನ್. ಪ್ರೋಗ್ರಾಂನಲ್ಲಿ ‘ಇಫ್ ನಾಟ್’ ಎಂದು ಬರೆದರೆ ನನ್ ಕೂಡ ಫಾಲ್ಸ್‌ನ ಲೆಕ್ಕಕ್ಕೆ ಹೋಗುತ್ತದೆ. ‘ಇಸ್ ಫಾಲ್ಸ್’ ಎಂದೇ ಬರೆಯಿರಿ.

ಹಳೆಯ ಉಕ್ತಿಯಲ್ಲಿ ಒಂದೇ ಕಡೆ ಗುಣ ಬೇಕಿದ್ದರೆ ರಿಫೈನ್ ಆದೇಶಕ್ಕೆ ಕ್ಯೂ.ಪಾಸಿಟಿವ್ ಕೊಡಿ. ಇನ್ನು, ಎಕ್ಸ್ಪಾಂಡ್_ಲಾಗ್‌ಗೆ ‘ಫೋರ್ಸ್=ಟ್ರೂ’ ಕೊಟ್ಟು ಲಾಗ್(ಎಕ್ಸ್‌ವೈ)ಯನ್ನು ಲಾಗ್(ಎಕ್ಸ್)+ಲಾಗ್(ವೈ) ಎಂದು ಒಡೆಯುವುದನ್ನು ನಾವು ಒಪ್ಪುವುದಿಲ್ಲ. ಎಕ್ಸ್, ವೈ ಎರಡೂ −1 ಆದರೆ ಒಡೆಯುವ ಮೊದಲು 0, ಒಡೆದ ಮೇಲೆ 2πಐ (ಐ ಎಂದರೆ √−1). ಎರಡನ್ನೂ ಪಾಸಿಟಿವ್ ಎಂದು ಘೋಷಿಸಿ, ಫೋರ್ಸ್ ಇಲ್ಲದೆಯೇ ಒಡೆಯುತ್ತದೆ.

ಸಮೀಕರಣ ಬಿಡಿಸುವ ಸಾಲ್ವ್ ಆದೇಶ ಬಳಸುವಾಗ ಗುಣ ಅತಿಯಾದರೆ ಉತ್ತರವೇ ಮಾಯವಾಗುತ್ತದೆ. ಪಾಸಿಟಿವ್ ಎಕ್ಸ್‌ನಲ್ಲಿ ಎಕ್ಸ್²−4=0 ಬಿಡಿಸಿದರೆ 2 ಮಾತ್ರ, ಎಕ್ಸ್+1=0ಕ್ಕೆ ಖಾಲಿ ಪಟ್ಟಿ. ಕೊನೆಗೆ ಸಂಖ್ಯೆ ಹಾಕುವಾಗಲೂ ಎಚ್ಚರ: √(ಎಕ್ಸ್²) ಒಮ್ಮೆ ಎಕ್ಸ್ ಆದ ಮೇಲೆ ಅದರ ಜಾಗಕ್ಕೆ −3 ಹಾಕಿದರೆ, ಗುಣಕ್ಕೆ ವಿರುದ್ಧ ಎಂದು ಸಿಂಪೈ ತಡೆಯುವುದಿಲ್ಲ, −3 ಎಂದೇ ಕೊಡುತ್ತದೆ. ಆದ್ದರಿಂದ ಬೆಲೆ ಹಾಕುವ ಮುನ್ನ ಅದು ಘೋಷಿಸಿದ ಗುಣಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆಯನ್ನು ನಿಮ್ಮ ಪ್ರೋಗ್ರಾಂನಲ್ಲೇ ಒಂದು ಸಾಲು ಬರೆದಿಡಿ.